ಸೀಲ್ ಹಾಕಿದ ಪೊಟ್ಟಣಕ್ಕೆ ಕೊಸರು

ಅರಸೀಕೆರೆಯ ಬಸ್ ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ ಕಡೆಗೆ ಹೋಗುವ ದಾರಿಯಲ್ಲಿರುವ ಸೂಪರ್ ಮಾರ್ಕೆಟ್ಟಿನೊಳಗೆ, ಬೇಳೆಕಾಳಿನ ಸಾಲಿನ ಕೊನೆಯಲ್ಲಿ, ಬಿಲ್ಲು ಹಾಕುವ ಮೇಜಿನಿಂದ ಆರು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಸೋಮವಾರ, ಬೆಳಿಗ್ಗೆ ಹನ್ನೊಂದೂ ಹತ್ತು. ಎಡಗೈಯಲ್ಲಿ ಬುಟ್ಟಿ, ಬಲಗೈಯಲ್ಲಿ ಕನ್ನಡಕ. ಕನ್ನಡಕ ಕೈಯಲ್ಲಿದ್ದರೆ ಕಂಡದ್ದು ಹೇಗೆ ಎಂದು ನೀವು ಕೇಳಬಹುದು. ನನಗೆ ಹತ್ತಿರದ್ದು ಕಾಣುವುದಿಲ್ಲ, ದೂರದ್ದು ಚೆನ್ನಾಗಿ ಕಾಣುತ್ತದೆ. ಆರು ಹೆಜ್ಜೆ ಆಚೆ ನಮ್ಮ ಅತ್ತೆ, ಅಂದರೆ ನಮ್ಮ ಅಪ್ಪನ ತಂಗಿ, ವಯಸ್ಸು ಎಪ್ಪತ್ತೆರಡು, ಬಿಲ್ಲು ಹಾಕುವ ಹೆಣ್ಣುಮಗಳ ಮುಂದೆ ಸೆರಗು ಒಡ್ಡಿಕೊಂಡು ನಿಂತಿದ್ದರು. ಬೇಡುವವರ ಹಾಗಲ್ಲ, ಕಂದಾಯ ವಸೂಲಿಗೆ ಬಂದವರ ಹಾಗೆ.

"ಬೇಳೆ ಆಯ್ತು. ಈಗ ಕೊಸರು ಹಾಕವ್ವ," ಎಂದರು.

ಆಕೆ ಒಳ್ಳೆಯ ಹುಡುಗಿ. ಕಂಪ್ಯೂಟರಿನಲ್ಲಿ ಒಂದು ನಿಮಿಷ ಹುಡುಕಿದಳು. ಆಮೇಲೆ ತಲೆಯೆತ್ತಿ, "ಅದು ಯಾವ ಕಂಪನೀದು ಅಮ್ಮ?" ಎಂದು ಕೇಳಿದಳು.

ನಮ್ಮ ಅತ್ತೆಯಂಥ ಲೋಭಿ ಹೆಂಗಸು ಅರಸೀಕೆರೆ, ಬೇಲೂರು ಎರಡೂ ತಾಲ್ಲೂಕು ಜಾಲಾಡಿದರೂ ಸಿಗುವುದಿಲ್ಲ ಎಂದು ಆ ದಿನ ಹಿಂದೆ ಸಾಲಿನಲ್ಲಿದ್ದ ಏಳು ಜನ ತೀರ್ಮಾನ ಮಾಡಿದರು. ನಾನು ತಾಲ್ಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಮಹಜರು ಬರೆದವನು. ಕಂಡದ್ದಕ್ಕಿಂತ ಒಂದು ಅಕ್ಷರ ಹೆಚ್ಚು ಬರೆದರೆ ಈಗಲೂ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡುತ್ತೇನೆ. ಆದ್ದರಿಂದ ಆ ಏಳು ಜನ ಕಾಣದೇ ಹೋದದ್ದನ್ನು ನಾನು ಹೇಳಬೇಕು.

ಕೊಸರು ಎಂದರೇನು ಎಂದು ಕೇಳುವ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿದ್ದಾರೆ, ಹಾಗಾಗಿ ಅದನ್ನೂ ಹೇಳಬೇಕು. ತಕ್ಕಡಿ ಸಮ ನಿಂತ ಮೇಲೆ, ಪಾವು ತುಂಬಿ ತಲೆ ಸವರಿದ ಮೇಲೆ, ಅಂಗಡಿಯವನು ಲೆಕ್ಕಕ್ಕಿಲ್ಲದೆ ಮೇಲೆ ಹಾಕುವ ಒಂದು ಹಿಡಿಯೇ ಕೊಸರು. ನಮ್ಮ ಬೀದಿಯ ಮೂಲೆಯಲ್ಲಿ ಗಂಗಣ್ಣನ ದಿನಸಿ ಅಂಗಡಿ ಇತ್ತು. ಗಂಗಣ್ಣ ಒಂದು ಹಿಡಿ ಹಾಕಿ ಅತ್ತೆಯ ಮುಖ ನೋಡುತ್ತಿದ್ದ. ಅತ್ತೆ ಮಾತಾಡದೆ ಅವನ ಮುಖ ನೋಡುತ್ತಿದ್ದರು. ಅವನು ಇನ್ನೊಂದು ಹಿಡಿ ಹಾಕುತ್ತಿದ್ದ. ಇಪ್ಪತ್ತೇಳು ವರ್ಷ ಈ ಮೌನ ವ್ಯವಹಾರ ನಡೆಯಿತು. ಸೂಪರ್ ಮಾರ್ಕೆಟ್ಟು ಬಂದ ಮೇಲೆ ಗಂಗಣ್ಣ ಬಾಗಿಲು ಹಾಕಿದ. ಮುಖ ನೋಡಿದರೆ ಬೇಳೆ ಉದುರುವ ಅಂಗಡಿ ಊರಲ್ಲಿ ಒಂದೂ ಉಳಿಯಲಿಲ್ಲ.

ಈ ಕೊಸರಿನ ಒಂದು ಕಾಳೂ ನಮ್ಮ ಅಡುಗೆಮನೆಗೆ ಬಂದದ್ದಿಲ್ಲ. ಅತ್ತೆ ಜಾವಗಲ್ಲು, ಹಳೇಬೀಡಿನ ಕಡೆ ಹಳ್ಳಿಹಳ್ಳಿ ನಡೆದ ನರ್ಸಮ್ಮ. ಹೆಗಲಲ್ಲಿ ಎರಡು ಚೀಲ ಇರುತ್ತಿದ್ದವು. ಒಂದು ಸರ್ಕಾರದ್ದು, ಅದರಲ್ಲಿ ಲಸಿಕೆ. ಇನ್ನೊಂದು ಕೊಸರಿನದು, ಅದರಲ್ಲಿ ಬೇಳೆ, ಬೆಲ್ಲ, ಒಂದು ತುಂಡು ಕೊಬ್ಬರಿ. ಅದು ಬಾಣಂತಿಯರ ಮನೆಗೆ ಹೋಗುತ್ತಿತ್ತು. ನಿವೃತ್ತಿಯಾದಾಗ ಸರ್ಕಾರ ತನ್ನ ಚೀಲವನ್ನು ವಾಪಸ್ಸು ಪಡೆಯಿತು. ಎರಡನೆಯದನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಈ ಸಲದ ಬಾಣಂತಿ ಸುಧಾ. ನಮ್ಮ ಹಿಂದಿನ ಬೀದಿ, ಮೂರನೇ ಮನೆ, ನೀರಿನ ತೊಂಬೆಯ ಪಕ್ಕದಲ್ಲೇ. ಗಂಡ ಗಾರೆ ಕೆಲಸದವನು. ಮಗುವಿಗೆ ಆಗ ನಲವತ್ತು ದಿನ. ತೊಗರಿಬೇಳೆಯ ಬೆಲೆ ಏರಿದ ಮೇಲೆ ಅವರ ಮನೆಯ ಸಾರಿನಲ್ಲಿ ಬೇಳೆ ಹುಡುಕಬೇಕಾಗಿತ್ತು. ನನ್ನ ಹೆಂಡತಿ ಸೂಕ್ಷ್ಮದ ಹೆಂಗಸಲ್ಲ. ಒಂದು ಕೆ.ಜಿ. ಪ್ಯಾಕೆಟ್ಟು ಎತ್ತಿಕೊಂಡು ನೇರವಾಗಿ ಹೋದಳು. ಹೋದಷ್ಟೇ ಬೇಗ ಪ್ಯಾಕೆಟ್ಟಿನ ಸಮೇತ ಬಂದಳು. "ಬೇಡಕ್ಕ, ನಮ್ಮನೇಲಿ ಐತೆ," ಅಂದಳಂತೆ ಸುಧಾ. ಇರಲಿಲ್ಲ. ಬಾಗಿಲಲ್ಲಿ ನಿಂತು ನೆಲ ನೋಡುತ್ತಾ ಹೇಳಿದಳಂತೆ.

ಅತ್ತೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. "ಕೊಂಡು ಕೊಟ್ರೆ ದಾನ ಆಯ್ತದೆ ಕಣೋ. ದಾನ ತಗೊಳ್ಳೋಳು ತಲೆ ತಗ್ಗಿಸ್ಬೇಕು. ಕೊಸರು ಹಂಗಲ್ಲ, ಅದು ಯಾರ್ದೂ ಅಲ್ಲ. ಮಗೀಗೆ ಹಾಲು ಕೊಡೋಳು ಯಾಕೆ ತಲೆ ತಗ್ಗಿಸ್ಬೇಕು?"

ನನ್ನ ಹೆಂಡತಿ ಪ್ಯಾಕೆಟ್ಟನ್ನು ಒಳಗೆ ಎತ್ತಿಟ್ಟಳು. ಅತ್ತೆಯ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇದೆಯೇ?

ಹಾಗಾಗಿ ಅತ್ತೆಯ ಮುಂದೆ ಉಳಿದದ್ದು ಒಂದೇ ದಾರಿ. ಕೊಸರು ಕೊಡಲು ಬಾರದ ಕಾಲದಿಂದ ಕೊಸರು ಕೀಳುವುದು. ಬಿಲ್ಲಿನ ಮೇಜಿನಲ್ಲಿ ಸೋತವರು ನೇರ ಮ್ಯಾನೇಜರಿನ ಕೋಣೆಗೆ ನಡೆದರು. ಮೂವತ್ತು ವರ್ಷದ ಮ್ಯಾನೇಜರು, ಟೈ ಕಟ್ಟಿದ್ದ, ಮಾತು ಬೆಂಗಳೂರಿನದು. ಪಾಲಿಸಿ ಎಂಬ ಪದವನ್ನು ನಾಲ್ಕು ಸಲ ಬಳಸಿದ. ಅತ್ತೆ ಅವನ ಎಡತೋಳನ್ನೇ ನೋಡುತ್ತಾ, ಊರು ಯಾವುದು, ತಾಯಿ ಹೆಸರೇನು ಎಂದು ವಿಚಾರಿಸಿದರು. ಜಾವಗಲ್ಲು ಎಂದ. ಅಷ್ಟು ಸಾಕಾಯಿತು. ಅವನಿಗೆ ಮೊದಲ ಚುಚ್ಚುಮದ್ದು ಹಾಕಿದಾಗ ಅವನು ಏನು ಮಾಡಿಕೊಂಡಿದ್ದ ಎಂಬುದನ್ನು, ಗಾಜಿನ ಆಚೆಗೂ ಕೇಳುವ ದನಿಯಲ್ಲಿ ಅತ್ತೆ ನಿರೂಪಿಸಿದರು. ಮ್ಯಾನೇಜರು ಎದ್ದು ನಿಂತ. ಕೊಸರಿಗೆ ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂದು ಕೈ ಮುಗಿದು, ಒಂದು ಕೊಂಡರೆ ಒಂದು ಉಚಿತ ಎಂಬ ಯೋಜನೆಯಡಿ ಬಂದಿದ್ದ ಸೋಪಿನ ಡಬ್ಬಿಯನ್ನು ಕೈಗಿಟ್ಟ.

"ಬಾಣಂತಿ ಸೋಪಿನ ಡಬ್ಬಿ ತಿಂತಾಳೇನಪ್ಪ?" ಎಂದು ಅತ್ತೆ ಕೇಳಿದರು. ಡಬ್ಬಿಯನ್ನು ಮಾತ್ರ ವಾಪಸ್ಸು ಕೊಡಲಿಲ್ಲ.

ಬೆಲೆಗಳ ವಿಷಯಕ್ಕೆ ಬಂದರೆ, ನಮ್ಮದು ತೆಂಗಿನ ಸೀಮೆ. ಇಲ್ಲಿ ತೆಂಗಿನಕಾಯಿಗೆ ಸ್ಟಿಕ್ಕರ್ ಅಂಟಿಸಿ, ಪ್ಲಾಸ್ಟಿಕ್ ಸುತ್ತಿ ಮಾರುವ ದಿನ ಬರುತ್ತದೆಂದು ಯಾರಾದರೂ ಹೇಳಿದ್ದರೆ ಹುಚ್ಚ ಎನ್ನುತ್ತಿದ್ದೆವು. ಬಂದಿದೆ. ನಮ್ಮ ಎದುರು ಮನೆಯ ಪರಮೇಶಣ್ಣ ಕೊಬ್ಬರಿ ವ್ಯಾಪಾರಿ. ಬೆಲೆ ಏರಿದಾಗ ಅವರು ಹಜಾರದಲ್ಲಿ ನಗುತ್ತಾರೆ. ಅದೇ ಹೊತ್ತಿಗೆ ಅವರ ಹೆಂಡತಿ ಗಿರಿಜಕ್ಕ ಒಳಗೆ ಅರ್ಧ ಹೋಳು ತುರಿದು ಅರ್ಧ ಎತ್ತಿಡುತ್ತಾ, ಇದ್ದ ಕಾಯನ್ನೆಲ್ಲ ಮಾರಿಬಿಟ್ಟರು ಎಂದು ಗಂಡನನ್ನು ಬೈಯುತ್ತಾರೆ. ಒಂದೇ ಸೂರು, ಎರಡು ಮಾರುಕಟ್ಟೆ.

ಆಮೇಲೆ ಸೂಪರ್ ಮಾರ್ಕೆಟ್ಟಿನವರು ಮನೆಗೇ ತಂದುಕೊಡುವ ಆ್ಯಪ್ ಮಾಡಿದರು. ಎದುರಿಗೆ ಕಂಪ್ಯೂಟರ್ ಇಲ್ಲದಿದ್ದರೆ ಕೊಸರು ಸಿಕ್ಕೀತು ಎಂಬ ಆಸೆ ಅತ್ತೆಗೆ ಹುಟ್ಟಿತು. ನನ್ನ ಹೆಂಡತಿ ಫೋನಿಗೆ ಅದನ್ನು ಹಾಕಿಸಿ, ಒತ್ತುವ ಅಗತ್ಯವಿಲ್ಲ, ಮಾತಾಡಿದರೆ ಸಾಕು ಎಂದು ತೋರಿಸಿದಳು. ಅತ್ತೆ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಮೊದಲು, "ಏನಪ್ಪ, ಚೆನ್ನಾಗಿದೀಯಾ?" ಎಂದರು. ಅಂಥ ವಸ್ತು ಲಭ್ಯವಿಲ್ಲ ಎಂದಿತು ಫೋನು. ಅತ್ತೆ ಬೇಜಾರು ಮಾಡಿಕೊಳ್ಳದೆ, "ಎರಡು ಪಾವು, ತೊಗರಿಬೇಳೆ," ಎಂದು ಬಿಡಿಸಿ ಹೇಳಿದರು. ಕೆ.ಜಿ. ಲೆಕ್ಕದಲ್ಲಿ ಕೊಸರು ಹುಟ್ಟುವುದಿಲ್ಲ, ಪಾವಿನಲ್ಲಿ ಅಳೆದರೆ ಮಾತ್ರ ಹುಟ್ಟುತ್ತದೆ ಎಂಬುದು ಅವರ ಸಿದ್ಧಾಂತ.

ಮಧ್ಯಾಹ್ನ ಎರಡು ಪ್ಯಾಕೆಟ್ಟು ಪಾವ್ ಬನ್ನು ಬಂದಿತು. ಬೇಳೆ ಬರಲಿಲ್ಲ.

ಮೂರು ದಿನ ನಾವು ಹುರುಳಿ ಸಾರಿಗೆ ಪಾವ್ ಅದ್ದಿಕೊಂಡು ತಿಂದೆವು. ಮುದ್ದೆಯ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಅತ್ತೆ ಮಾತ್ರ, ನುಂಗಲು ಇದೇ ಸಲೀಸು ಎಂದರು. ನಾಲ್ಕನೆಯ ದಿನ ನನ್ನ ಸರದಿ ಬಂತು. ಆ್ಯಪಿನಲ್ಲಿ ದೂರು ಬರೆಯುವ ಒಂದು ಚೌಕವಿದೆ. ಅದರಲ್ಲಿ, "ಪ್ರತಿ ಪೊಟ್ಟಣದೊಂದಿಗೆ ಒಂದು ಹಿಡಿ ಕೊಸರನ್ನು ತಪ್ಪದೆ ಕಳುಹಿಸತಕ್ಕದ್ದು" ಎಂದು ಕಚೇರಿಯ ಭಾಷೆಯಲ್ಲಿ ಬರೆದೆ. ಅರೆಕ್ಷಣದಲ್ಲಿ ಉತ್ತರ ಬಂತು. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು.

"ಧನ್ಯವಾದನ ಕುಕ್ಕರಿಗೆ ಹಾಕಕ್ಕಾಯ್ತದಾ?" ಎಂದರು ಅತ್ತೆ.

ಈಗ ಉಳಿದವನು ಒಬ್ಬನೇ, ಸಾಮಾನು ತಂದುಕೊಡುವವನು. ಅವನೊಂದು ವಿಚಿತ್ರ ಆಸಾಮಿ. ಮೊಪೆಡ್ಡಿನಲ್ಲಿ ಬರುತ್ತಿದ್ದ, ಬೆಲ್ ಒತ್ತುತ್ತಿದ್ದ, ಚೀಲವನ್ನು ಕಾಂಪೌಂಡಿನ ಮೇಲಿಟ್ಟು, ನಾವು ಬಾಗಿಲು ತೆಗೆಯುವಷ್ಟರಲ್ಲಿ ಬೀದಿ ದಾಟಿರುತ್ತಿದ್ದ. ಕಪ್ಪು ಗಾಜಿನ ಹೆಲ್ಮೆಟ್ಟು, ಇಳಿದಾಗಲೂ ತೆಗೆಯುತ್ತಿರಲಿಲ್ಲ. ಕೊಸರು ಕೇಳುತ್ತೇನೆಂದು ಹೆದರಿ ಓಡುತ್ತಾನೆ ಎಂಬುದು ಅತ್ತೆಯ ವಾದ. ಒಂದು ಗುರುವಾರ ನಾಲ್ಕೂಮುಕ್ಕಾಲಿಗೇ ಗೇಟಿನ ಪಕ್ಕದ ಕಲ್ಲಿನ ಮೇಲೆ ಹೋಗಿ ಕುಳಿತರು. ನಾನು ಒಳಗೆ, ನೀರಿನ ಮೀಟರಿನ ಹತ್ತಿರ ನಿಂತಿದ್ದೆ. ಐದಕ್ಕೆ ಎರಡು ನಿಮಿಷ ಇದ್ದಾಗ ಮೊಪೆಡ್ಡು ಬಂತು. ಅತ್ತೆ ಎದ್ದವರೇ ಅದರ ಕೀ ಕಿತ್ತುಕೊಂಡು ಮುಷ್ಟಿಯಲ್ಲಿ ಹಿಡಿದರು.

"ಹೆಲ್ಮೆಟ್ ತೆಗಿಯಪ್ಪ. ಮುಖ ನೋಡ್ದೆ ನಾನು ಯಾರ ಹತ್ರಾನೂ ಸಾಮಾನು ತಗೊಂಡಿಲ್ಲ."

ಅವನು ಮೊಪೆಡ್ಡಿಗೆ ಸ್ಟ್ಯಾಂಡ್ ಹಾಕಿದ. ಆಮೇಲೆ ತೆಗೆದ. ಗಂಗಣ್ಣ.

ಮೂವತ್ತೊಂದು ವರ್ಷ ಮಹಜರು ಬರೆದ ನನಗೆ ಆ ಮುಖವನ್ನು ಹೇಗೆ ಬರೆಯಬೇಕೆಂದು ಇಂದಿಗೂ ಗೊತ್ತಾಗಿಲ್ಲ. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಅಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ.

"ನಿಮ್ ಬೀದಿಗೆ ಮಾತ್ರ ನನ್ನ ಹಾಕ್ಬೇಡಿ ಅಂತ ಮಾರ್ಕೆಟ್ನೋರ್ನ ಕೇಳ್ಕೊಂಡಿದ್ದೆ ನರ್ಸಮ್ಮ," ಎಂದ. "ದುಡ್ಯೋದ್ಕೆ ನಾಚ್ಕೆ ಇಲ್ಲ. ಈ ಕೈಲಿ ಬರೀ ಸೀಲ್ ಹಾಕಿದ್ದನ್ನ ನಿಮಗೆ ಕೊಟ್ಟು ಹೋಗ್ಬೇಕಲ್ಲ, ಅದಕ್ಕೆ."

ಅತ್ತೆ ಆ ದಿನ ಕೊಸರು ಕೇಳಲಿಲ್ಲ. ಕೀ ವಾಪಸ್ಸು ಕೊಟ್ಟು, ಕಾಫಿ ಕುಡಿಯುತ್ತೀಯಾ ಎಂದರು. ಗಂಗಣ್ಣ ಮೆಟ್ಟಿಲ ಮೇಲೆ ಕುಳಿತು, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಾಫಿ ಕುಡಿದ. ಲೋಟ ಕೆಳಗಿಟ್ಟು, ಈಗ ಬಾಣಂತಿ ಯಾರು ಎಂದು ವಿಚಾರಿಸಿದ. ಇಪ್ಪತ್ತೇಳು ವರ್ಷ ಎರಡನೇ ಹಿಡಿ ಹಾಕಿದವನಿಗೆ ಅದು ಎಲ್ಲಿಗೆ ಹೋಗುತ್ತಿತ್ತೆಂದು ಗೊತ್ತಿರದೆ ಇರುತ್ತದೆಯೇ? ಅತ್ತೆ ಸುಧಾಳ ವಿಷಯ ಹೇಳಿದರು. ನನ್ನ ಹೆಂಡತಿ ಕೊಟ್ಟದ್ದು ವಾಪಸ್ಸು ಬಂದದ್ದನ್ನೂ ಹೇಳಿದರು. ಗಂಗಣ್ಣ ತಾನೇ ತಂದ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು, ಕತ್ತರಿ ಕೇಳಿ ತರಿಸಿಕೊಂಡ. ನಮ್ಮ ಬೇಳೆಯ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಒಂದು ಹಿಡಿ ತೆಗೆದು ಅತ್ತೆಯ ಹಳೆಯ ಬಟ್ಟೆಚೀಲಕ್ಕೆ ಹಾಕಿದ.

"ಕೊಂಡೋರು ಕೊಸರು ಕೊಡೋದುಂಟೇನೋ?" ಎಂದು ಅತ್ತೆ ತಡೆದರು. "ಅದೂ ದಾನಾನೇ ಆಯ್ತು."

"ಅಂಗ್ಡಿ ಮುಚ್ಚಿದ್ಮೇಲೆ ಇನ್ಯಾರು ಕೊಡ್ಬೇಕು? ಈ ಬೀದೀಲಿ ನಂಗೆ ಹನ್ನೊಂದು ಮನೆ ಐತೆ. ಹನ್ನೊಂದು ಮನೇದೂ ಒಂದೇ ಚೀಲಕ್ಕೆ ಬಿದ್ರೆ ಯಾವ ಕಾಳು ಯಾರ್ದು ಅಂತ ಯಾವ ಕಂಪ್ಯೂಟರ್ ಹೇಳ್ತದೆ ನರ್ಸಮ್ಮ?"

ಅತ್ತೆ ಈ ವಾದವನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದರು. ಎಲ್ಲೂ ತೂತು ಸಿಗಲಿಲ್ಲ.

ಆ ಸಂಜೆಯಿಂದ ಗಂಗಣ್ಣ ನಮ್ಮ ಬೀದಿಗೆ ಬರೀ ಮುಖದಲ್ಲಿ ಬಂದ. ಹೆಲ್ಮೆಟ್ಟು ಬೀದಿ ಶುರುವಾಗುವ ತನಕ ಮಾತ್ರ. ಗೇಟು ತೆಗೆದ ಕೂಡಲೇ ಸಾಮಾನು ಕೊಟ್ಟು, ಅತ್ತೆಯ ಬಟ್ಟೆಚೀಲ ಒಡ್ಡಿ, ಬೇರೆ ಮಾತಿಲ್ಲದೆ "ಕೊಸರು" ಎನ್ನುತ್ತಿದ್ದ. ಜನ ಮೊದಲು ನಕ್ಕರು. ಈ ಬೆಲೆಯಲ್ಲಿ ಇದೊಂದು ಕಡಿಮೆಯಾಗಿತ್ತು ಎಂದು ಇಬ್ಬರು ಗೊಣಗಿದರು. ಗೊಣಗುತ್ತಲೇ ಪ್ಯಾಕೆಟ್ಟು ಬಿಚ್ಚಿದರು. ಪರಮೇಶಣ್ಣ ಅರ್ಧ ಕೊಬ್ಬರಿ ಗಿಟುಕನ್ನು ಹಿಂದುಮುಂದು ನೋಡಿ ಹಾಕಿದರೆ, ಹಿಂದೆಯೇ ಬಂದ ಗಿರಿಜಕ್ಕ ಅದನ್ನು ತೆಗೆದು ಇಡೀ ಗಿಟುಕು ಹಾಕಿದರು. ಮುಂದಿನ ವಾರದ ಹೊತ್ತಿಗೆ ಚೀಲದಲ್ಲಿ ತೊಗರಿ, ಹೆಸರು, ಕಡಲೆ ಎಲ್ಲ ಕಲೆತು, ಯಾವುದು ಯಾರದೆಂದು ಹಾಕಿದವರಿಗೂ ಗೊತ್ತಾಗದಂತಾಗಿತ್ತು.

ಶನಿವಾರ ಸಂಜೆ ಐದೂವರೆಗೆ ಗಂಗಣ್ಣ ಸುಧಾಳ ಮನೆಯ ಮುಂದೆ ಮೊಪೆಡ್ಡು ನಿಲ್ಲಿಸಿದ. ಅತ್ತೆ ಮತ್ತು ನಾನು ನೀರಿನ ತೊಂಬೆಯ ಮರೆಯಲ್ಲಿದ್ದೆವು. ಬಾಗಿಲಿಗೂ ನಮಗೂ ಹತ್ತು ಅಡಿ. ಸುಧಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು.

"ನಾವೇನೂ ಆರ್ಡರ್ ಮಾಡಿಲ್ಲಣ್ಣ."

"ಬಂದೈತೆ."

"ಯಾರ ಹೆಸ್ರಲ್ಲಿ?"

"ನಿನ್ನ ಹೆಸ್ರಲ್ಲೇ ಐತೆ. ಸುಧಾ ತಾನೆ? ಮೂರನೇ ಮನೆ."

ಅವಳು ಚೀಲವನ್ನು ಕೈಗೆ ತೆಗೆದುಕೊಂಡಳು. ಅತ್ತೆ ಕಣ್ಣು ಮುಚ್ಚಿಕೊಂಡು ನನ್ನ ತೋಳು ಹಿಡಿದರು. ಬೇಡಣ್ಣ, ನಮ್ಮನೇಲಿ ಐತೆ ಎಂಬ ಮಾತಿಗಾಗಿ ನಾವಿಬ್ಬರೂ ಕಾದೆವು. ಸುಧಾ ಚೀಲವನ್ನು ಮೇಲೆ ಕೆಳಗೆ ಮಾಡಿ ಭಾರ ನೋಡಿದಳು. ಒಳಗೆ ಇಣುಕಿದಳು. ತಲೆ ಎತ್ತಿ ಗಂಗಣ್ಣನನ್ನು ನೇರವಾಗಿ ನೋಡಿದಳು.

"ಇಷ್ಟೇನಾ? ಚೀಲ ಇಷ್ಟು ದೊಡ್ಡದೈತೆ, ಬೇಳೆ ಕಮ್ಮಿ ಐತಲ್ಲ. ಮುಂದಿನ್ ಸಲ ಸರಿಯಾಗಿ ತೂಗಿ ತತ್ತಾ ಅಣ್ಣ."

ಇಪ್ಪತ್ತೇಳು ವರ್ಷ ತಕ್ಕಡಿ ಹಿಡಿದ ಗಂಗಣ್ಣ, "ಆಯ್ತು ಕಣವ್ವ," ಎಂದು ತಲೆ ತಗ್ಗಿಸಿದ.

"ಕೇಳಿದ್ಲು ಕಣೋ," ಎಂದರು ಅತ್ತೆ, ನನಗಷ್ಟೇ ಕೇಳುವ ಹಾಗೆ. "ಬಾಯ್ಬಿಟ್ಟು ಕೇಳಿದ್ಲು."

ಇದನ್ನು ಕಂಡವನು ನಾನೊಬ್ಬನೇ ಅಲ್ಲ. ಗಂಗಣ್ಣ ಇದ್ದಾನೆ. ಶನಿವಾರ ಸಂಜೆ ಬಂದರೆ ಕೇಳಬಹುದು. ಕೊಡ ಹಿಡಿಯಲು ತೊಂಬೆಗೆ ಬಂದು, ನಲ್ಲಿ ತಿರುಗಿಸುವುದನ್ನು ಮರೆತು ನಿಂತಿದ್ದ ಗಿರಿಜಕ್ಕ ಇದ್ದಾರೆ. ಅಮ್ಮನ ಹೆಗಲ ಮೇಲಿಂದ ನಮ್ಮ ಕಡೆಗೇ ಕಣ್ಣು ಬಿಟ್ಟುಕೊಂಡಿದ್ದ ಮಗು ಇದೆ, ಈಗ ಅದಕ್ಕೆ ಎರಡು ಹಲ್ಲು. ನಮ್ಮ ಅತ್ತೆಯೂ ಇದ್ದಾರೆ. ಆದರೆ ಅವರ ಕಣ್ಣು ಮುಚ್ಚಿತ್ತು, ಆದ್ದರಿಂದ ಕಂಡವರ ಪಟ್ಟಿಗೆ ಸೇರಿಸಲು ಬರುವುದಿಲ್ಲ. ಕೇಳಿಸಿಕೊಂಡವರು ಎಂದು ಬರೆದುಕೊಳ್ಳಿ.