ಹುಣಸೆಬೀಜ ಕ್ಯಾಮರಾ ಮತ್ತು ಅದರ ಮಾಲೀಕರು

“ಇದೇನ್ರೀ, ಹುಣಸೆಬೀಜ ಹಿಡ್ಕೊಂಡು ಕೂತಿದ್ದೀರಾ?” ಎಂದು ಹೆಡ್‌ಮಾಸ್ಟರ್ ಮರುಳಸಿದ್ದಪ್ಪ ಕೇಳಿದ್ದೇ ತಡ, ಷಡಕ್ಷರಿಯವರ ಎದೆ ಎರಡಂಗುಲ ಉಬ್ಬಿತು.

“ಬೀಜ ಅಲ್ಲ ಮೇಷ್ಟ್ರೇ, ಕ್ಯಾಮರಾ! ಡಿಜಿಟಲ್ ಕ್ಯಾಮರಾ! ಜೇಬಿಗೆ ಹಾಕ್ಕೊಂಡ್ರೆ ಜೇಬಿಗೇ ಗೊತ್ತಾಗಲ್ಲ!”

ಒಳಗೆ ಕೋಡುಬಳೆ ಕರಿಯುತ್ತಿದ್ದ ಶಿವಗಂಗಮ್ಮನಿಗೆ ಈ ದನಿ ಹೊಸದಲ್ಲ. ಅರಸೀಕೆರೆ ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡಿಕೊಂಡಿದ್ದ ಗಂಡ ನಿವೃತ್ತರಾದ ಮೇಲೆ ಮನೆಯನ್ನೇ ಕಾರ್ಖಾನೆ ಮಾಡಿಕೊಂಡಿದ್ದರು. ಅವರ ರೊಟ್ಟಿ ತಟ್ಟುವ ಯಂತ್ರ ರೊಟ್ಟಿ ಬಿಟ್ಟು ಅವಳ ಬೆನ್ನು ತಟ್ಟಿತ್ತು. ಬಟ್ಟೆ ಮಡಚುವ ಯಂತ್ರ ಬೆಕ್ಕನ್ನು ಮಡಚಲು ಹೋಗಿತ್ತು. ಅವಳು ಇದುವರೆಗೆ ಗುಡಿಸಿ ಹಾಕಿದ ಸ್ಕ್ರೂಗಳನ್ನೆಲ್ಲ ಕರಗಿಸಿದರೆ ಒಂದು ರೈಲು ಎಂಜಿನ್ನೇ ಆಗುತ್ತಿತ್ತು!

ಹೊರಗೆ ಭಾಷಣ ಜೋರಾಯಿತು. “ಇದರ ಕಣ್ಣು ಸಾಸಿವೆಗಿಂತ ಚಿಕ್ಕದು. ಅಷ್ಟು ಚಿಕ್ಕ ಕಿಂಡೀಲಿ ಇಡೀ ಜಗತ್ತು ತೂರೋದು ಹೇಗೆ? ಅದಕ್ಕೊಂದು ಉಪಾಯ ಮಾಡಿದ್ದೀನಿ. ಹೆಬ್ಬೆರಳು ಒತ್ತಿ ಹಿಡಿದ್ರೆ ಸಾಕು, ನಿಮ್ಮ ಮನಸ್ಸು ಯಾವುದರ ಮೇಲಿದೆ ಅಂತ ನಾಡಿ ನೋಡಿ ತಿಳ್ಕೊಳ್ಳುತ್ತೆ. ಹಿಂದಿನ ಗೋಡೆ, ಬಾಗಿಲು, ಕುರ್ಚಿ ಬಿಟ್ರೆ ಅದನ್ನ ಮಾತ್ರ ತೆಗೆಯುತ್ತೆ. ಕರೆಂಟ್ ಕಂಬ, ತಿಪ್ಪೆ, ಒಣಹಾಕಿದ ಚಡ್ಡಿ, ಬೇಡದ್ದು ಯಾವುದೂ ಬರಲ್ಲ! ಇವಳೇ, ಕೋಡುಬಳೆ ತಗೊಂಬಾ!”

ಮದುವೆಯಾದ ಮೂವತ್ತೊಂದು ವರ್ಷದಿಂದ ಶಿವಗಂಗಮ್ಮನ ಹೆಸರು ಆ ಮನೆಯಲ್ಲಿ ‘ಇವಳೇ’. ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಷಡಕ್ಷರಿ ಹೆಬ್ಬೆರಳು ಒತ್ತಿದರು. ಫೋಟೋ ಟೀವಿಯಲ್ಲಿ ಮೂಡಿತು. ಬಾಗಿಲಿತ್ತು, ಪರದೆಯಿತ್ತು. ನಡುವೆ ಕೋಡುಬಳೆ ತಟ್ಟೆ ಗಾಳಿಯಲ್ಲಿ ತೇಲುತ್ತಿತ್ತು!

“ಅಯ್ಯಯ್ಯೋ, ತಟ್ಟೆ ಹಾರ್ತಾ ಇದೆಯಲ್ರೀ! ಅಕ್ಕ ಎಲ್ಲಿ?” ಎಂದು ಪಕ್ಕದ ಮನೆಯ ತೋಂಟಾರಾಧ್ಯ ಹೊಟ್ಟೆ ಹಿಡಿದು ನಕ್ಕರು.

“ಮೊದಲನೇ ಫೋಟೋ ಅಲ್ವಾ? ಆದ್ರೆ ಕೋಡುಬಳೆ ನೋಡ್ರೀ! ಎಳ್ಳು ಎಣಿಸಬಹುದು!” ಎಂದರು ಷಡಕ್ಷರಿ.

ಶಿವಗಂಗಮ್ಮನೂ ನಕ್ಕಳು. ನಗುತ್ತಲೇ ಒಳಗೆ ಹೋದವಳು ಎಣ್ಣೆ ಹೊಗೆಯಾಡುವವರೆಗೂ ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು.

ಷಡಕ್ಷರಿ ಮಾಡಿಟ್ಟಿದ್ದ ಮೂರು ಕ್ಯಾಮರಾಗಳಲ್ಲಿ ಒಂದು ಹೆಡ್‌ಮಾಸ್ಟರಿಗೆ, ಒಂದು ತೋಂಟಾರಾಧ್ಯರಿಗೆ ಹೋಯಿತು. “ವಾರ ಬಳಸಿ ಅಭಿಪ್ರಾಯ ಹೇಳಿ. ಇವಳು ಬರ್ಕೊಳ್ತಾಳೆ” ಎಂದರು ಷಡಕ್ಷರಿ.

ಮಂಗಳವಾರ ಹೆಡ್‌ಮಾಸ್ಟರು ಬೆವರುತ್ತ ಬಂದರು. ಏಳನೇ ತರಗತಿಯ ಬೀಳ್ಕೊಡುಗೆ ಫೋಟೋದಲ್ಲಿ ನಲವತ್ತೆರಡು ಮಕ್ಕಳು ನಿಂತಿದ್ದರೆ ಬಂದವರು ಒಂಬತ್ತು ಜನ, ಅಷ್ಟೂ ಮುಂದಿನ ಬೆಂಚಿನವರು! ಮಿಕ್ಕವರ ಅಪ್ಪ ಅಮ್ಮಂದಿರು ಸ್ಕೂಲ್ ಗೇಟಿಗೆ ಅಡ್ಡ ಕೂತಿದ್ದರು.

“ಬರದೇ ಇರೋ ಮಕ್ಕಳ ಹೆಸರು ಹೇಳಿ ಮೇಷ್ಟ್ರೇ, ಬರ್ಕೊಳ್ತೀನಿ” ಎಂದಳು ಶಿವಗಂಗಮ್ಮ.

ಅವರು ಸೂರು ನೋಡಿದರು. ಫ್ಯಾನ್ ನೋಡಿದರು. “ಹೆಸರು... ರಿಜಿಸ್ಟರಲ್ಲಿದೆಯಮ್ಮ” ಎಂದು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡರು.

ಗುರುವಾರ ತೋಂಟಾರಾಧ್ಯರ ಸವಾರಿ ಬಂತು, ಜೊತೆಗೆ ಕಿರುಚಾಡುತ್ತ ಅವರ ತಮ್ಮ, ಹಿಂದೆ ಕೋಲೂರಿಕೊಂಡು ತಾಯಿ. ತಾಯಿಯ ಎಂಬತ್ತನೇ ಹುಟ್ಟುಹಬ್ಬಕ್ಕೆ ತೋಂಟಾರಾಧ್ಯರು ತೆಗೆದ ಫೋಟೋದಲ್ಲಿ ತಾಯಿಯೇ ಇರಲಿಲ್ಲ. ಕುರ್ಚಿಯ ಮೇಲೆ, ಗಾಳಿಯಲ್ಲಿ, ನಾಲ್ಕು ಚಿನ್ನದ ಬಳೆ, ಎರಡೆಳೆ ಸರ ಥಳಥಳ ಹೊಳೆಯುತ್ತಿದ್ದವು!

“ನೋಡ್ರೀ ಇವನ ಬುದ್ಧೀನ! ನಾನು ಹೇಳ್ತಾ ಇದ್ದಿದ್ದು ಇದನ್ನೇ!” ಎಂದ ತಮ್ಮ.

“ಬುದ್ಧಿ ಅಲ್ವೋ, ಕ್ಯಾಮರಾ! ದರಿದ್ರ ಕ್ಯಾಮರಾ ಮನೆ ಒಡೀತು!” ಎಂದು ತೋಂಟಾರಾಧ್ಯರು ಅದನ್ನು ಅಂಗಳಕ್ಕೆ ಎಸೆದರು. ಅದು ಪುಟಿದು ಚರಂಡಿ ಸೇರಿತು.

ಮುದುಕಿ ಕನ್ನಡಕ ಏರಿಸಿ ಫೋಟೋ ನೋಡಿತು. “ಬಳೆ ಚೆನ್ನಾಗಿ ಬಂದವೆ ಕಣಪ್ಪ. ನಾನು ಹೋದ್ಮೇಲೂ ಹಿಂಗೇ ಇರ್ತವೆ” ಎಂದಿತು.

“ಕಣ್ಣಿನ ದೋಷ! ಕ್ಯಾಮರಾ ಕಣ್ಣು ಸ್ವಲ್ಪ ಸೊಟ್ಟ ಕೂತಿದೆ!” ಎಂದು ಷಡಕ್ಷರಿ ತಮ್ಮಲ್ಲುಳಿದ ಕ್ಯಾಮರಾವನ್ನು ಚಿಮಟದಲ್ಲಿ ಬಿಚ್ಚಿ ಕೂತರು. ದೋಷ ಎಲ್ಲಿದೆ ಎಂದು ಶಿವಗಂಗಮ್ಮನಿಗೆ ಆಗಲೇ ಹೊಳೆದಿತ್ತು. ಆದರೂ ಒಮ್ಮೆ ನೋಡಿಯೇಬಿಡಬೇಕು ಎನಿಸಿತು. ಶನಿವಾರ ಬೆಳಗ್ಗೆ ತಲೆ ಬಾಚಿ, ಮಲ್ಲಿಗೆ ಮುಡಿದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು.

“ರೀ, ನಂದೊಂದು ಫೋಟೋ ತೆಗೀರಿ. ಕೈಯಲ್ಲಿ ತಿಂಡಿ ಪಿಂಡಿ ಏನೂ ಇಲ್ಲ ನೋಡಿ.”

ತೆಗೆದರು. ಕುರ್ಚಿ, ಕಿಟಕಿ, ಗೋಡೆ.

“ಇನ್ನೊಂದು ತೆಗೀರಿ.”

ಕುರ್ಚಿ, ಕಿಟಕಿ, ಗೋಡೆ. ಹದಿನೇಳು ಸಲ ತೆಗೆಸಿದಳು. ಹದಿನೇಳನೆಯದರಲ್ಲಿ ಗೋಡೆಯ ಮೇಲೊಂದು ಹಲ್ಲಿ ಮೂಡಿತು.

“ಹಲ್ಲಿ ನೋಡು, ಬೆರಳ ಸಮೇತ ಬಂದಿದೆ!” ಷಡಕ್ಷರಿ ಕುಣಿದರು. “ಅಂದ್ರೆ ಕ್ಯಾಮರಾ ಸರಿಯಾಗಿದೆ. ದೋಷ ನಿನ್ನಲ್ಲೇ ಇರಬೇಕು. ಸೀರೆ ಬದಲಾಯಿಸಿ ನೋಡು!”

ಶಿವಗಂಗಮ್ಮ ಸೀರೆ ಬದಲಾಯಿಸಿದಳು. ಇನ್ನೆರಡು ಸೀರೆ ಚೀಲಕ್ಕೆ ತುರುಕಿದಳು. ಹನ್ನೊಂದರ ಪ್ಯಾಸೆಂಜರ್ ಹತ್ತಿ ಕಡೂರಿನ ತಂಗಿ ಮನೆಗೆ ಹೋದಳು.

ಐದನೇ ದಿನ ಮಧ್ಯಾಹ್ನ ಷಡಕ್ಷರಿ ಅಲ್ಲಿಗೆ ಓಡಿಬಂದರು. ಷರಟಿನ ಗುಂಡಿ ತಪ್ಪಿತ್ತು, ಗಡ್ಡ ಬೆಳೆದಿತ್ತು, ಮುಖದ ತುಂಬ ನಗು!

“ರಿಪೇರಿ ಆಯ್ತು! ಖಾಲಿ ಅಡುಗೆಮನೆ ಫೋಟೋ ತೆಗೆದೆ, ಅದರಲ್ಲಿ ನೀನು ಬಂದಿದ್ದೀಯ! ಇಲ್ಲದೇ ಇರೋಳು ಬಂದಿದ್ದೀಯ! ಯಾವ ದೇಶದ ಕ್ಯಾಮರಾ ಮಾಡುತ್ತೆ ಈ ಕೆಲಸ, ಹೇಳು!”

ಶಿವಗಂಗಮ್ಮ ಓಡಿಹೋಗಿ ಟೀವಿಯ ಎದುರಿಗೇ ಕೂತಳು, ಅಷ್ಟು ಆಸೆ. ತನಗೇ ನಾಚಿಕೆಯಾಗುವಷ್ಟು. ತಂಗಿ ಅವಸರದಿಂದ ಟೀವಿ ಹಾಕಿದಳು.

ಮೊದಲನೇ ಫೋಟೋದಲ್ಲಿ ಎರಡು ಕೈ ರೊಟ್ಟಿ ತಟ್ಟುತ್ತಿದ್ದವು. ಎರಡನೆಯದರಲ್ಲಿ ಕಾಫಿ ಲೋಟ ಚಾಚಿದ್ದವು. ಮೂರನೆಯದರಲ್ಲಿ ಷರಟಿನ ಕಾಲರ್ ಉಜ್ಜುತ್ತಿದ್ದವು. ಎಣ್ಣೆ ಸಿಡಿದ ಕಲೆ, ಸವೆದ ಉಂಗುರ, ಎಲ್ಲ ಅವಳದೇ. ಮೊಣಕೈಯಿಂದ ಮೇಲೆ ಬರೀ ಗೋಡೆ. ಇಪ್ಪತ್ತು ಫೋಟೋ ಮುಗಿದವು. ತಂಗಿ ತಲೆ ತಗ್ಗಿಸಿದಳು.

“ಹೆಂಗಿದೆ? ಬಾ ಹೋಗೋಣ, ಮೂರೂವರೆಗೆ ರೈಲಿದೆ.”

ಶಿವಗಂಗಮ್ಮ ಎದ್ದು, ಗಂಡನ ಚಪ್ಪಲಿಯನ್ನು ಅವರ ಕಾಲ ಹತ್ತಿರಕ್ಕೆ ಸರಿಸಿದಳು.

“ಕೈ ಬಂದಿದೆ, ಸಂತೋಷ. ಹೋಗಿ ಬನ್ನಿ. ಮುಖ ಬಂದ ದಿನ ಹೇಳಿಕಳಿಸಿ.”