ನಾಲ್ಕು ತಾಲ್ಲೂಕಿಗೆ ಒಂದೇ ಫಾರಂ

ನಾನು ಸುಮ್ಮನೆ ಕೂರುವ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ತಕರಾರು ತೆಗೆಯಬಾರದು! ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ಊರಿನಲ್ಲಿ ನಮ್ಮ ಟ್ರಸ್ಟಿನ ಒಂದೊಂದು ಪುಟ್ಟ ಕ್ಲಿನಿಕ್ ಇದೆ. ಚನ್ನಗಿರಿಯದಕ್ಕೆ ನಾನು ಹೆಡ್ ನರ್ಸು. ನಾಲ್ಕೂ ಕಡೆ ರೋಗಿಯ ವಿವರ ಬರೆಯಲು ಒಂದೇ ಮಾದರಿ, ಆ ವಿವರಗಳನ್ನೆಲ್ಲ ಇಡಲು ಕಂಪ್ಯೂಟರಿನಲ್ಲಿ ಒಂದೇ ಭಂಡಾರ, ಈ ಕೆಲಸವನ್ನು ನಾನೇ ಕೈಯೆತ್ತಿ ಒಪ್ಪಿಕೊಂಡೆ. ಒಂದು ಭಾನುವಾರ ಸಾಕು ಅಂದುಕೊಂಡಿದ್ದೆ. ಅದೂ ಮಧ್ಯಾಹ್ನದ ಊಟದೊಳಗೆ!

ಕೈಯೆತ್ತಲು ಕಾರಣ ನನ್ನ ಅಕ್ಕ ರತ್ನಕ್ಕ. ಅವಳ ಮನೆ ಚನ್ನಗಿರಿ ಹತ್ತಿರದ ಕೆರೆಬಿಳಚಿಯಲ್ಲಿ. ದೊಡ್ಡ ಮಗಳನ್ನು ಹೊನ್ನಾಳಿಗೆ ಕೊಟ್ಟಿದೆ, ಚಿಕ್ಕವಳನ್ನು ಜಗಳೂರಿಗೆ. ಗಂಡನ ಕಡೆಯ ನೆಂಟರು ನ್ಯಾಮತಿಯಲ್ಲಿ. ಹೀಗಾಗಿ ಅಕ್ಕನಿಗೆ ಯಾವ ತಾಲ್ಲೂಕಿನಲ್ಲಿ ಜ್ವರ ಬರುತ್ತದೆ ಎಂದು ಹೇಳಲಾಗದು. ಅವಳಿಗೆ ಪೆನಿಸಿಲಿನ್ ಇಂಜೆಕ್ಷನ್ ಆಗುವುದಿಲ್ಲ. ಒಮ್ಮೆ ಹೊನ್ನಾಳಿಯಲ್ಲಿ ಕೊಟ್ಟಾಗ ಮುಖವೆಲ್ಲ ಊದಿ, ಉಸಿರು ಕಟ್ಟಿ, ಬದುಕಿದ್ದೇ ಹೆಚ್ಚು. ಚನ್ನಗಿರಿಯಲ್ಲಿ ನಾನು ಈ ವಿಷಯ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಆದರೆ ಪುಸ್ತಕ ಹೊನ್ನಾಳಿಗೆ ನಡೆದುಕೊಂಡು ಹೋಗುತ್ತದೆಯೇ? ಹೊನ್ನಾಳಿಯವರು ಇಂಥದನ್ನು ಚೀಟಿಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಜಗಳೂರಿನವರು ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ನ್ಯಾಮತಿಯಲ್ಲಿ ಹೆಸರಿನ ಮುಂದೆ ಒಂದು ಚುಕ್ಕೆ ಹಾಕುತ್ತಿದ್ದರು. ಚುಕ್ಕೆಯ ಅರ್ಥ ಹಾಕಿದ ನರ್ಸಿಗೆ ಮಾತ್ರ ಗೊತ್ತಿತ್ತು. ಆಕೆ ಮದುವೆಯಾಗಿ ಬಳ್ಳಾರಿಗೆ ಹೋದಳು!

ಇನ್ನೊಂದು ಸಲ ಅಕ್ಕನಿಗೆ ಆ ಸೂಜಿ ಚುಚ್ಚಲು ಬಿಡುವುದಿಲ್ಲ ಎಂದು ಅವತ್ತೇ ಹಟ ತೊಟ್ಟೆ. ಟ್ರಸ್ಟಿನವರು ದಾವಣಗೆರೆಯಲ್ಲಿ ಎರಡು ದಿನ ತರಬೇತಿ ಕೊಡಿಸಿದರು. ಬಿಪಿಯಾಗಲಿ, ಜ್ವರವಾಗಲಿ, ಆಗದ ಔಷಧಿಯಾಗಲಿ, ಪ್ರತಿಯೊಂದನ್ನೂ ಎಲ್ಲ ಕಡೆ ಒಂದೇ ಅಚ್ಚಿನಲ್ಲಿ ಬರೆಯಬೇಕು, ಆಗ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿಯುತ್ತದೆ ಎಂದು ಅಲ್ಲಿ ಹೇಳಿಕೊಟ್ಟರು. ನನಗೆ ರೋಮಾಂಚನವಾಯಿತು. ಮನೆಗೆ ಬಂದು ಯಜಮಾನರಿಗೆ ಒಂದು ಗಂಟೆ ವಿವರಿಸಿದೆ. ಅವರದು ಪಂಪ್‌ಸೆಟ್ ರಿಪೇರಿ ಅಂಗಡಿ. ಪೂರ್ತಿ ಕೇಳಿಸಿಕೊಂಡು ಹೇಳಿದರು:

"ನಮ್ಮನೆ ಉಪ್ಪಿನ ಡಬ್ಬಿ ಮ್ಯಾಲೆ ಸಕ್ಕರೆ ಅಂತ ಬರೆದೈತೆ. ನೀನು ನಾಲ್ಕು ತಾಲ್ಲೂಕು ಸರಿ ಮಾಡಾಕೆ ಹೊಂಟೀಯಲ್ಲೇ!"

"ನಿಮಗೆ ಸ್ಟ್ಯಾಂಡರ್ಡ್ ಅಂದ್ರೆ ಏನು ಗೊತ್ತು?"

"ಗೊತ್ತು. ಮೂರು ಇಂಚಿನ ಪೈಪಿಗೆ ಮೂರು ಇಂಚಿನ ವಾಷರ್ರು. ಅದಕ್ಕೆ ಮೀಟಿಂಗ್ ಬ್ಯಾಡ."

ಇಂಥ ಮಾತಿಗೆಲ್ಲ ಅಂಜುವವಳು ನಾನಲ್ಲ. ಮೀಟಿಂಗ್ ಕರೆದೆ. ನಮ್ಮ ಮನೆಯಲ್ಲೇ!

ಮೂರು ಊರಿನಿಂದ ಒಬ್ಬೊಬ್ಬರು ಬಂದರು. ಹೊನ್ನಾಳಿಯಿಂದ ಔಷಧಿ ಕೊಡುವ ಹಿರಿಯರು, ನ್ಯಾಮತಿಯಿಂದ ಲ್ಯಾಬಿನವರು, ಜಗಳೂರಿನಿಂದ ನಾಗವೇಣಿ ಎಂಬ ನರ್ಸು. ಸಮಿತಿಗೆ ನಾನೇ ಅಧ್ಯಕ್ಷೆ. ಮಂಡಕ್ಕಿ, ಮಿರ್ಚಿ, ಟೀ. ನನ್ನ ಕೈಯಲ್ಲಿದ್ದ ಮಾದರಿಯಲ್ಲಿ ಏಳು ಪ್ರಶ್ನೆಗಳಿದ್ದವು. ಹೆಸರು, ವಯಸ್ಸು, ಊರು, ಬಿಪಿ, ಸಕ್ಕರೆ, ಈಗಿನ ಕಾಯಿಲೆ, ಆಗದ ಔಷಧಿ. ಮುಗಿಯಿತು!

ಹೊನ್ನಾಳಿಯ ಹಿರಿಯರು ಮಿರ್ಚಿ ಕಚ್ಚುತ್ತ, "ಕುಡಿಯೋ ನೀರು ಹೊಳೇದಾ, ಬೋರಿಂದಾ ಅಂತ ಕೇಳಬೇಕಲ್ರೀ" ಅಂದರು. ಮನೆಗೆ ಬಂದವರಿಗೆ ಇಲ್ಲ ಅನ್ನಲಾಗುತ್ತದೆಯೇ? ಸೇರಿಸಿದೆ. ಜಗಳೂರಿನ ನಾಗವೇಣಿ, ಬೋರ್ ಎಷ್ಟು ಅಡಿ ಎಂದೂ ಕೇಳಬೇಕು, ಆಳದ ನೀರಿನಿಂದಲೇ ನಮ್ಮ ಕಡೆಯವರ ಹಲ್ಲು ಹಾಳಾಗುವುದು ಎಂದಳು. ನಿಜವೇ. ಸೇರಿಸಿದೆ. ನ್ಯಾಮತಿಯವರು ಮೆಕ್ಕೆಜೋಳಕ್ಕೆ ಹೊಡೆಯುವ ಔಷಧಿಯ ಬಗ್ಗೆ ಐದು ಪ್ರಶ್ನೆ ಕೊಟ್ಟರು. ಹೊನ್ನಾಳಿಯವರು ಒಂದೇ ಕೊಟ್ಟಿದ್ದರಿಂದ ಅವರಿಗೆ ಬೇಜಾರಾಗಿ ಇನ್ನೂ ಆರು ಕೊಟ್ಟರು. ನಾನೇನು ಕಡಿಮೆಯೇ? ಬಿಪಿ ನೋಡುವ ಮುಂಚೆ ಮೆಟ್ಟಿಲು ಹತ್ತಿದ್ದೀರಾ, ಯಾರ ಜೊತೆಗಾದರೂ ಜಗಳ ಆಡಿದ್ದೀರಾ, ಆಡಿದ್ದರೆ ಗೆದ್ದಿರಾ, ಸೋತಿರಾ ಎಂದು ಬರೆದೆ. ಸಂಜೆಯ ಹೊತ್ತಿಗೆ ಪ್ರಶ್ನೆಗಳು ಅರವತ್ತನಾಲ್ಕು ಆಗಿದ್ದವು.

ಯಾರ ಪ್ರಶ್ನೆ ಮೊದಲು ಬರಬೇಕು ಎಂಬ ಮಾತು ಬಂದಾಗ ನಾನು ನಮ್ಮ ಸೀಮೆಯ ಮರ್ಯಾದೆಯಂತೆ ನಡೆದುಕೊಂಡೆ. ಊಟಕ್ಕೆ ಕರೆದವರು ನೆಂಟರನ್ನು ಮೊದಲ ಪಂಕ್ತಿಗೆ ಕೂರಿಸಿ ತಾವು ಕಡೆಯ ಪಂಕ್ತಿಗೆ ಕೂರುತ್ತಾರೆ. ಹಾಗೆಯೇ ಹೊನ್ನಾಳಿಯ ಪ್ರಶ್ನೆಗಳು ಮೊದಲು, ಆಮೇಲೆ ನ್ಯಾಮತಿ, ಆಮೇಲೆ ಜಗಳೂರು, ಕೊನೆಗೆ ಚನ್ನಗಿರಿ. ಅದರಲ್ಲೂ ಆಗದ ಔಷಧಿಯ ಪ್ರಶ್ನೆ ನನ್ನ ಸ್ವಂತದ್ದು. ಅದನ್ನು ಎಲ್ಲಕ್ಕಿಂತ ಕಡೆಗೆ, ಅರವತ್ತನಾಲ್ಕನೆಯದಾಗಿ ಇಟ್ಟೆ. ಎಲ್ಲರೂ ಮೆಚ್ಚಿದರು.

ಯಾವ ಪ್ರಶ್ನೆಯನ್ನೂ ಖಾಲಿ ಬಿಡುವಂತಿರಲಿಲ್ಲ. "ಹೌದು" ಒತ್ತಿದರೆ ಅದರ ಹೊಟ್ಟೆಯಿಂದ ಇನ್ನೂ ಆರು ಪ್ರಶ್ನೆ ಹುಟ್ಟುತ್ತಿದ್ದವು. "ಇಲ್ಲ" ಒತ್ತಿದರೆ ಮುಂದಕ್ಕೆ. ಇದು ಸಾಲದು ಎಂದು ಶುದ್ಧ ಸರ್ಕಾರಿ ಭಾಷೆಯಲ್ಲಿ ಮೂರು ನಿಯಮ ಹೊರಡಿಸಿದೆ. ಒಂದು, ಭಂಡಾರದಲ್ಲಿ ಇರುವುದೇ ಸತ್ಯ, ಬಾಯಿಮಾತನ್ನು ಪರಿಗಣಿಸತಕ್ಕದ್ದಲ್ಲ. ಎರಡು, ಒಮ್ಮೆ ದಾಖಲಾದದ್ದನ್ನು ನಾಲ್ಕೂ ಊರಿನವರ ಸಹಿಯಿಲ್ಲದೆ ತಿದ್ದತಕ್ಕದ್ದಲ್ಲ. ಮೂರು, ದಾಖಲಿಸುವಾಗ ಫೋನ್ ಎತ್ತತಕ್ಕದ್ದಲ್ಲ. ಕೆಳಗೆ ಅಧ್ಯಕ್ಷೆಯ ಸಹಿ. ಸಹಿ ಸ್ವಲ್ಪ ದೊಡ್ಡದಾಗಿಯೇ ಹಾಕಿದ್ದೆ.

ಚನ್ನಗಿರಿಯಲ್ಲಿ ಉದ್ಘಾಟನೆ ಜೋರಾಗಿ ನಡೆಯಿತು. ಅಕ್ಕನನ್ನು ಅವತ್ತೇ ಕರೆಸಿ, ವಿವರ ಬರೆದುಕೊಳ್ಳುವ ನರ್ಸಿನ ಮುಂದೆ ಕೂರಿಸಿ, ನಾನು ಟ್ರಸ್ಟಿನವರಿಗೆ ಭಂಡಾರದ ಮಹಿಮೆ ವರ್ಣಿಸಲು ಹೋದೆ. ತಿರುಗಿ ಬರುವಷ್ಟರಲ್ಲಿ ಅಕ್ಕ ಹೊರಟುಹೋಗಿದ್ದಳು. ಪರದೆಯ ಮೇಲೆ ಅವಳ ಹೆಸರಿನ ಮುಂದೆ "ಪೂರ್ಣ" ಎಂದು ಹಸಿರು ಗುರುತು ಬಂದಿತ್ತು. ನನ್ನ ಕಣ್ಣಿನಲ್ಲಿ ನೀರು ಬಂತು. ಒಳಗೆ ಏನು ಬರೆದಿದೆ ಎಂದು ನೋಡಲಿಲ್ಲ. ಹಸಿರು ಬಂದ ಮೇಲೆ ನೋಡುವುದೇನು!

ಎರಡು ವಾರ ಕಳೆದಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಅಕ್ಕನ ಫೋನು. ಜಗಳೂರಿನ ಮಗಳ ಮನೆಗೆ ಹೋದವಳಿಗೆ ಗಂಟಲು ನೋವು, ಜ್ವರ. ಅಲ್ಲಿನ ನಮ್ಮ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತೇ ಮಾತಾಡುತ್ತಿದ್ದಳು.

"ಗಿರಿಜಾ, ಇಲ್ಲಿ ಸೂಜಿ ಹಾಕ್ತೀವಿ ಅಂತಾರೆ ಕಣೇ."

"ಭಯ ಬೀಳಬೇಡ ಅಕ್ಕ, ನಿನಗೆ ಯಾವುದು ಆಗಲ್ಲ ಅಂತ ಕಂಪ್ಯೂಟರಿನಾಗೆ ಐತೆ. ಅವತ್ತು ಹೇಳಿದ್ದೀಯಲ್ಲ?"

"ಎಲ್ಲಿ ಹೇಳಾಕೆ ಆಗುತ್ತೆ! ಹೊಳೆ ನೀರಾ, ಬೋರಾ, ಎಷ್ಟು ಅಡಿ, ಯಾರ ಜೊತೆ ಜಗಳ ಅಂತ ಒಂದೇ ಸಮ ಕೇಳಿದ್ಲು. ಕೆರೆಬಿಳಚಿ ಬಸ್ಸು ಹಾರ್ನ್ ಹೊಡಿತಿತ್ತು. ಎಲ್ಲದಕ್ಕೂ ಇಲ್ಲ ಅಂತ ಒತ್ತಿಬಿಡು ತಾಯಿ ಅಂದು ಎದ್ದು ಬಂದೆ."

ಮೊದಲಾದರೆ ಅಕ್ಕನ ವಿಷಯ ಚನ್ನಗಿರಿಯೊಂದಕ್ಕೆ ಸರಿಯಾಗಿ ಗೊತ್ತಿತ್ತು. ಈಗ ನಾಲ್ಕೂ ತಾಲ್ಲೂಕಿಗೆ ಏಕಕಾಲದಲ್ಲಿ, ಏಕರೂಪವಾಗಿ, ತಪ್ಪಾಗಿ ಗೊತ್ತಿತ್ತು! ನನ್ನ ಭಂಡಾರ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು ಅಂದರೆ, ಒಂದು ಸುಳ್ಳೂ ದಾರಿಯಲ್ಲಿ ಕಳೆದುಹೋಗಿರಲಿಲ್ಲ.

"ಈಗಲೇ ಆ ನರ್ಸಿಗೆ ಹೇಳೇ!" ಎಂದು ಕಿರುಚಿದೆ.

"ಹೇಳಿದೆ ಕಣೇ. ಕಂಪ್ಯೂಟರಿನಾಗೆ ಇಲ್ಲ ಅಂತ ಐತೆ ಅಂತಾಳೆ. ತಗೋ, ನೀನೇ ಮಾತಾಡು."

ನಾಗವೇಣಿ ಫೋನಿಗೆ ಬಂದಳು. "ನಮಸ್ಕಾರ ಮೇಡಂ. ಬಾಯಿಮಾತನ್ನ ಪರಿಗಣಿಸಬಾರದು ಅಂತ ಐತಲ್ರೀ."

"ಯಾರಮ್ಮ ಹಂಗೆ ಹೇಳಿದ್ದು?"

"ನೀವೇ ಮೇಡಂ. ಗೋಡೆ ಮ್ಯಾಲೆ ಅಂಟಿಸೀವಿ. ದೊಡ್ಡ ಸಹಿ ಐತೆ."

"ಹಂಗಾದ್ರೆ ತಿದ್ದು!"

"ನಾಲ್ಕು ಸಹಿ ಬೇಕಲ್ರೀ. ಆಯ್ತು ಮೇಡಂ, ನೀವು ಚಿಂತೆ ಮಾಡಬ್ಯಾಡ್ರಿ, ನಾನು ನಿಯಮದ ಪ್ರಕಾರ..." ಎನ್ನುವಷ್ಟರಲ್ಲಿ ಅಕ್ಕನ ಫೋನಿನ ಚಾರ್ಜು ಮುಗಿಯಿತು.

ನಿಯಮದ ಪ್ರಕಾರ! ಅಯ್ಯೋ, ನನ್ನ ಸುಡುಗಾಡು ನಿಯಮದ ಪ್ರಕಾರ! ಕ್ಲಿನಿಕ್ಕಿನ ಫೋನಿಗೆ ಹನ್ನೊಂದು ಸಲ ಹೊಡೆದೆ. ಯಾರೂ ಎತ್ತಲಿಲ್ಲ. ಮೂರನೆಯ ನಿಯಮವನ್ನೂ ಚೆನ್ನಾಗಿ ಪಾಲಿಸುತ್ತಿದ್ದರು. ಸಹಿ ಕೇಳಲು ಹೊನ್ನಾಳಿಯ ಹಿರಿಯರಿಗೆ ಫೋನ್ ಮಾಡಿದರೆ ಮದುವೆ ಮನೆಯ ವಾಲಗದ ಸದ್ದಿನಲ್ಲಿ, "ಊಟ ಆಗಿಲ್ರೀ, ಈಗ ಕೂತಿದೀವಿ" ಎಂದರು. ನ್ಯಾಮತಿಯವರು ವ್ಯಾಪ್ತಿ ಪ್ರದೇಶದ ಹೊರಗಿದ್ದರು. ಅಕ್ಕನ ಮಗಳ ಫೋನೂ ಸ್ವಿಚ್ ಆಫ್!

ಯಜಮಾನರ ಅಂಗಡಿಗೆ ಓಡಿದೆ. ಅವರು ಲಗೇಜ್ ಆಟೋಗೆ ಯಾರದೋ ಮೋಟಾರು ಏರಿಸುತ್ತಿದ್ದರು. ವಿಷಯ ಕೇಳಿದವರೇ ನನ್ನನ್ನು ಹತ್ತಿಸಿಕೊಂಡು ಗಾಡಿ ಹೊರಡಿಸಿದರು. ಸಂತೆಬೆನ್ನೂರು ದಾಟಿತು, ದಾವಣಗೆರೆ ದಾಟಿತು. ಹಿಂದೆ ಮೋಟಾರು ಗಡಗಡ ಎನ್ನುತ್ತಿತ್ತು, ಮುಂದೆ ನಾನು ಗಡಗಡ ನಡುಗುತ್ತಿದ್ದೆ. ಅಕ್ಕ ನನ್ನನ್ನು ಎತ್ತಿ ಆಡಿಸಿದವಳು. ಅವಳಿಗಾಗಿ ಮಾಡಿದ ಫಾರಮ್ಮೇ ಅವಳನ್ನು ನುಂಗಿದರೆ ನಾನು ಯಾವ ಮುಖ ಹೊತ್ತು ಬದುಕಲಿ? ಬಾಯಿಬಿಟ್ಟು ಅತ್ತೆ. ಯಜಮಾನರು, "ಅಳಬ್ಯಾಡ ಮಾರಾಯ್ತಿ, ಗಾಜು ಒರೆಸು, ದಾರಿ ಕಾಣವಲ್ದು" ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು, ಗಾಜು ಚೆನ್ನಾಗಿಯೇ ಇತ್ತು.

ಜಗಳೂರು ಕ್ಲಿನಿಕ್ಕಿಗೆ ನುಗ್ಗಿದೆ. ಅಕ್ಕ ಅದೇ ಬೆಂಚಿನ ಮೇಲೆ ಕೂತು ಟೀಯಲ್ಲಿ ಬನ್ನು ಅದ್ದಿ ತಿನ್ನುತ್ತಿದ್ದಳು! ಮುಖ ಊದಿರಲಿಲ್ಲ. ತಬ್ಬಿಕೊಂಡೆ. ಬನ್ನು ನನ್ನ ಸೆರಗಿಗೆ ಮೆತ್ತಿತು.

"ಸೂಜಿ ಹಾಕಲಿಲ್ವೇನೇ?"

"ಇಲ್ಲ ಕಣೇ. ಆ ಹುಡುಗಿ ಒಂದು ಚೀಟಿಯಾಗೆ, ಈಯಮ್ಮನಿಗೆ ಪೆನಿಸಿಲಿನ್ ಆಗಲ್ಲಂತೆ ಅಂತ ಬರೆದು ಡಾಕ್ಟ್ರ ಕೈಗೆ ಕೊಟ್ಲು. ಅವರು ಬೇರೆ ಮಾತ್ರೆ ಕೊಟ್ರು."

ನಾಗವೇಣಿ ತಲೆ ತಗ್ಗಿಸಿದಳು. "ಫೋನಿನಾಗೆ ಅದನ್ನೇ ಹೇಳಾಕೆ ಬಂದೆ ಮೇಡಂ. ನಿಯಮದ ಪ್ರಕಾರ ಮಾಡಾಕೆ ನನಗೆ ಧೈರ್ಯ ಬರಲಿಲ್ಲ ಅಂತ."

ಅವಳ ಕಾಲಿಗೆ ಬೀಳಬೇಕಿತ್ತು. ಬೀಳಲೂ ಹೊರಟಿದ್ದೆ. ಅಷ್ಟರಲ್ಲಿ ನನ್ನೊಳಗಿನ ಅಧ್ಯಕ್ಷೆ ಎದ್ದು ನಿಂತಳು. "ಅಲ್ಲಮ್ಮ, ಹಂಗಂತ ನಿಯಮ ಮುರಿಯಬಹುದಾ?" ಅಂದುಬಿಟ್ಟೆ.

ಅಕ್ಕ ಟೀ ಲೋಟ ಕೆಳಗಿಟ್ಟಳು. "ಮುರೀದಿದ್ರೆ ನೀನು ಇಷ್ಟೊತ್ತಿಗೆ ನನ್ನ ಫೋಟೋಗೆ ಹಾರ ತರಾಕೆ ಹೋಗಬೇಕಿತ್ತು. ಮುಚ್ಚೇ ಬಾಯಿ!"

ಮುಚ್ಚಿದೆ. ಆದರೆ ಒಂದು ವಾರ ಮಾತ್ರ!

ಮುಂದಿನ ಭಾನುವಾರ ಮತ್ತೆ ಸಮಿತಿ ಸೇರಿತು. ಆಗದ ಔಷಧಿಯ ಪ್ರಶ್ನೆಯನ್ನು ಮೊದಲಿಗೆ ತಂದೆವು, ಅಕ್ಕನ ವಿವರವನ್ನು ನಾಲ್ಕು ಸಹಿ ಹಾಕಿ ತಿದ್ದಿದೆವು. ಮೂರು ನಿಯಮಗಳನ್ನೂ ಗೋಡೆಯಿಂದ ಕಿತ್ತೆವು. ಆದರೆ ಪ್ರಶ್ನೆಗಳನ್ನು ಕಡಿಮೆ ಮಾಡೋಣ ಎಂದು ನಾಗವೇಣಿ ಬಾಯಿ ತೆಗೆದಾಗ ನನಗೆ ರೇಗಿತು. ಮೇಜು ಕುಟ್ಟಿ ಹೇಳಿದೆ: "ಒಂದು ಪ್ರಶ್ನೇನೂ ತೆಗೆಯಲ್ಲ! ಫಾರಮ್ಮಿನಾಗೆ ಏನೂ ತಪ್ಪಿಲ್ಲ. ಪುರುಸೊತ್ತಿಲ್ಲ ಅಂತ ಎಲ್ಲದಕ್ಕೂ ಇಲ್ಲ ಅಂತ ಒತ್ತೋ ಬೇಜವಾಬ್ದಾರಿ ಜನರದ್ದು ತಪ್ಪು. ಅಂಥೋರು ಯಾರ್ಯಾರು ಇದಾರೆ ಅಂತ ಹುಡುಕು. ಅವರ ಹೆಸರು ಗೋಡೆ ಮ್ಯಾಲೆ ಅಂಟಿಸ್ತೀನಿ!"

ನಾಗವೇಣಿ ಹುಡುಕಿದಳು. ಒಂದು ಹೆಸರಿನ ಹತ್ತಿರ ನಿಂತಳು. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಮೇಲಿನಿಂದ ಕೆಳಗಿನವರೆಗೆ ಇಲ್ಲ, ಇಲ್ಲ, ಇಲ್ಲ. ಮಂಡಿನೋವು ಇಲ್ಲ. ಹಲ್ಲು ಕಟ್ಟಿಸಿದ್ದು ಇಲ್ಲ. ಕನ್ನಡಕ ಹಾಕುವುದಿಲ್ಲ. ಯಾರಪ್ಪ ಈ ಪುಣ್ಯಾತ್ಗಿತ್ತಿ ಎಂದು ಕನ್ನಡಕ ಸರಿಮಾಡಿಕೊಂಡು ಹೆಸರು ನೋಡಿದೆ. ಗಿರಿಜಾ, ಹೆಡ್ ನರ್ಸು, ಚನ್ನಗಿರಿ. ಉದ್ಘಾಟನೆಯ ದಿನ ನಾನೇ ನನ್ನ ಕೈಯಾರೆ ತುಂಬಿದ್ದು!

"ಹಿಂಗ್ಯಾಕೆ ಮಾಡಿದ್ರಿ ಮೇಡಂ?" ಎಂದು ಹೊನ್ನಾಳಿಯ ಹಿರಿಯರು ಬಹಳ ಮರ್ಯಾದೆಯಿಂದ ಕೇಳಿದರು.

ನಾನು ಸೋಲುವವಳಲ್ಲ. ಎದೆ ಸೆಟೆಸಿ ಉತ್ತರ ಕೊಟ್ಟೆ.

"ಇನ್ನೇನ್ರೀ ಮತ್ತೆ! ಅರವತ್ತನಾಲ್ಕು ಪ್ರಶ್ನೆ ಕಣ್ರೀ, ಯಾರಿಗೈತೆ ಅಷ್ಟು ಪುರುಸೊತ್ತು!"