ರಿವರ್ಸ್ ಗೇರ್ ಎಂಬ ನಾನು

ನಾನು ಹನ್ನೊಂದು ವರ್ಷ ಒಂದು ಕಾರಿನ ರಿವರ್ಸ್ ಗೇರ್ ಆಗಿದ್ದೆ. ಉತ್ಪ್ರೇಕ್ಷೆ ಎಂದು ನಗಬೇಡಿ, ಜಯನಗರದ ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಆ ಕಾರಿಗೆ ಮುಂದಕ್ಕೆ ಹೋಗಲು ನಾಲ್ಕು ಗೇರುಗಳಿದ್ದವು, ನಾಲ್ಕೂ ಉಕ್ಕಿನವು. ಹಿಂದಕ್ಕೆ ಹೋಗಲು ಇದ್ದದ್ದು ಒಂದೇ. ಅದು ಸೀರೆ ಉಟ್ಟುಕೊಂಡಿತ್ತು!

ಇದಕ್ಕೆ ಕಾರಣರಾದವರು ನಮ್ಮ ಮನೆಯವರು. ಅವರೀಗ ಇಲ್ಲ. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಬಂದವರೆಲ್ಲ ಹೇಳುತ್ತಾರೆ. ಇದ್ದಾಗ ಸಿಟ್ಟು ಮಾಡಿಕೊಳ್ಳಲು ನನಗೆ ಪುರುಸೊತ್ತೆಲ್ಲಿತ್ತು? ಕಾರು ತಳ್ಳುತ್ತಿದ್ದೆ.

ಅವರು ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತೆ. ಸೈಕಲ್ಲಿನಲ್ಲಿ ಹೋಗಿ ಸೈಕಲ್ಲಿನಲ್ಲಿ ಬರುವ ಮನುಷ್ಯ. ಅವರ ಮೇಲಧಿಕಾರಿಯಾಗಿದ್ದ ಇಂಗ್ಲಿಷ್ ದೊರೆ ಊರಿಗೆ ಹೊರಟಾಗ ತನ್ನ ಹಳೆಯ ಸ್ಪೋರ್ಟ್ಸ್ ಕಾರನ್ನು ಇವರ ಕೈಗೆ ಕೊಟ್ಟು ಹೋದ. ಇಡೀ ಆಫೀಸಿನಲ್ಲಿ ಅದನ್ನು ನೋಡಿ ನಗದೇ ಇದ್ದವರು ಇವರೊಬ್ಬರೇ ಅಂತೆ. ಎರಡೇ ಸೀಟು, ಮೇಲೆ ಸೂರಿಲ್ಲ, ಕೂತರೆ ನೆಲಕ್ಕೂ ನಮಗೂ ಒಂದು ಗೇಣು. ನಮ್ಮತ್ತೆ ಬಾಗಿಲಿಗೆ ಬಂದು ನೋಡಿದರು.

"ಇದೇನೋ ಇದು, ಬಚ್ಚಲ ತೊಟ್ಟಿಗೆ ಚಕ್ರ ಹಾಕಿಸ್ಕೊಂಡು ಬಂದಿದೀಯ?"

ಬಂದ ವರ್ಷದೊಳಗೆ ಅದರ ಗೇರ್ ಬಾಕ್ಸ್ ಕೈಕೊಟ್ಟಿತು. ಎರಡನೇ ಗೇರಿಗೆ ಹಾಕಿದರೆ ಒರಳಲ್ಲಿ ಕಲ್ಲು ರುಬ್ಬಿದ ಸದ್ದು. ಮೂರನೆಯದು ತಾನಾಗಿ ಕಳಚಿಕೊಳ್ಳುತ್ತಿತ್ತು. ಹಿಂದಕ್ಕಂತೂ ಹೋಗುತ್ತಲೇ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಗುಜರಿಗೆ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಇವರು ಅಂಗಳದಲ್ಲಿ ಗುಂಡಿ ತೋಡಿದರು. ಅಂಗಳ ಅಷ್ಟು ದೊಡ್ಡದಿತ್ತು, ಆದರೂ ಗುಂಡಿ ಬಂದದ್ದು ಸರಿಯಾಗಿ ನನ್ನ ಸೇವಂತಿಗೆ ಪಾತಿಯ ಮೇಲೆ.

"ಕಾರಿನ ಕೆಳಗೆ ಮನುಷ್ಯ ನಿಲ್ಲಬೇಕು ಕಣೇ," ಎಂದರು.

"ಸೇವಂತಿಗೆ ಎಲ್ಲಿ ನಿಲ್ಲಬೇಕು?" ಎಂದೆ. ಅವರು ಮತ್ತೆ ಗುದ್ದಲಿ ಎತ್ತಿಕೊಂಡರು.

ಲಾಲ್‌ಬಾಗಿನ ಹಿಂದೆ ಶೆಡ್ ಇಟ್ಟುಕೊಂಡಿದ್ದ ದಸ್ತಗೀರ್ ಸಾಬರು ಎಂಬ ಮೆಕ್ಯಾನಿಕ್ ಬಂದು ಗುಂಡಿಗೆ ಇಳಿದರು. ಗೇರ್ ಬಾಕ್ಸ್ ಬಿಚ್ಚಿ ಮೇಲಕ್ಕೆ ಕೊಟ್ಟರು. ಅದರೊಳಗಿನ ಹಲ್ಲುಚಕ್ರಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯಲು ಇವರಿಗೆ ಸಿಕ್ಕಿದ್ದು ನಾನು ಹುಳಿ ಮಾಡುವ ಪಾತ್ರೆ. ಒಣಗಿಸಲು ಸಿಕ್ಕಿದ್ದು ನನ್ನ ಮೊರ. ಅವತ್ತು ಗೋಕುಲಾಷ್ಟಮಿಯ ಹಿಂದಿನ ದಿನ. ಕಣ್ಣು ಮಂಜಾಗಿದ್ದ ನಮ್ಮತ್ತೆ ಜಗುಲಿಗೆ ಬಂದು ಮೊರಕ್ಕೆ ಕೈಹಾಕಿ ಒಂದನ್ನು ಎತ್ತಿಕೊಂಡರು. ಮುರಿಯಲು ನೋಡಿದರು. ಮುರಿಯಲಿಲ್ಲ.

"ಚಕ್ಕುಲಿಗೆ ಬೆಣ್ಣೆ ಹಾಕು ಅಂತ ಎಷ್ಟು ಸಲ ಹೇಳಿದೀನಿ ನಿಂಗೆ?"

"ಅದು ಗೇರು ಅಮ್ಮಾ, ಚಕ್ಕುಲಿ ಅಲ್ಲ. ಸೀಮೆಎಣ್ಣೆ ವಾಸನೆ ಬರ್ಲಿಲ್ವಾ?"

"ಬಂತು. ನಿನ್ನ ಅಡುಗೇಲಿ ಅದೇನು ಹೊಸದಾ?"

ಈ ಮಾತನ್ನು ಕೇಳಿಯೂ ನಮ್ಮವರು ನನ್ನ ಪರವಾಗಿ ಒಂದು ಮಾತು ಆಡಿದರೇ? ಇಲ್ಲ. ಗುಂಡಿಯೊಳಗಿಂದ ಇಬ್ಬರು ಗಂಡಸರು ನಗುವ ಸದ್ದು ಬಂತು.

ಹಳೆಯ ಗೇರ್ ಬಾಕ್ಸ್ ಸರಿಹೋಗುವ ಹಾಗಿರಲಿಲ್ಲ. ಕೋಲಾರದ ಕಡೆ ಮರಕ್ಕೆ ಗುದ್ದಿ ಪ್ರಾಣಬಿಟ್ಟ ಇದೇ ಜಾತಿಯ ಇನ್ನೊಂದು ಕಾರಿನ ಗೇರ್ ಬಾಕ್ಸನ್ನು ಸಾಬರು ಹುಡುಕಿ ತಂದರು. ಅದನ್ನು ಕೂರಿಸುವುದಕ್ಕೆ ಮೂರು ಭಾನುವಾರ ಹಿಡಿಯಿತು. ಮೂರನೆಯ ಭಾನುವಾರ ಮಧ್ಯಾಹ್ನ ಕಾರು ಬೀದಿಯಲ್ಲಿ ಒಂದು ಸುತ್ತು ಸದ್ದಿಲ್ಲದೆ ಓಡಿ ಬಂತು. ನಾನು ಕಾಫಿ ತಂದುಕೊಟ್ಟಾಗ ನಮ್ಮವರು ತಾಯಿಯ ಮುಂದೆ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದರು.

"ಎಲ್ಲಾ ಸರಿಹೋಯ್ತಮ್ಮಾ. ರಿವರ್ಸ್ ಒಂದು ಮಾತ್ರ ಆಗ್ಲಿಲ್ಲ. ಅದರ ಹಲ್ಲು ಮುರಿದಿದೆ."

"ನನ್ನ ಬಾಯಲ್ಲಿ ಒಂದು ಹಲ್ಲೂ ಇಲ್ಲ. ನಾನೇನು ಹಿಂದಕ್ಕೆ ಹೋಗಲ್ವಾ?"

"ಹಂಗಲ್ಲ. ಗೇಟಿಂದ ಆಚೆ ತರೋಕೆ, ತಿರುಗಿಸೋಕೆ ಯಾರಾದ್ರೂ ತಳ್ಳಬೇಕು. ನೀನು ಬರ್ತೀಯ?"

"ಅವಳನ್ನ ಕರ್ಕೊಂಡು ಹೋಗು. ಮೂರು ಹೊತ್ತೂ ಒಲೆ ಮುಂದೆ ಕೂತು ಮೈ ಬಂದಿದೆ."

ಸಾಬರು ಕಾಫಿ ಲೋಟ ಹಿಡಿದು ನೆಲ ನೋಡುತ್ತಿದ್ದರು. ಕೆಲಸ ಅರ್ಧ ಉಳಿಯಿತಲ್ಲ ಎಂಬ ನಾಚಿಕೆ ಇರಬೇಕು, ಪಾಪ, ಎಂದುಕೊಂಡೆ.

ಅಲ್ಲಿಂದ ಶುರುವಾಯಿತು ನನ್ನ ಉದ್ಯೋಗ. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಅವರು ಸ್ಟೀರಿಂಗ್ ಹಿಡಿದು ಕೂರುತ್ತಿದ್ದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರಿನ ಮೂತಿಗೆ ಎರಡೂ ಕೈ ಕೊಟ್ಟು ಗೇಟಿನಿಂದ ಆಚೆಗೆ ತಳ್ಳುತ್ತಿದ್ದೆ. ಎದುರು ಮನೆಯವರು ತಮ್ಮ ಹೆಂಡತಿಗೆ "ಹೊರಡು, ಹೊರಗೆ ಹೋಗ್ಬರೋಣ" ಎನ್ನುವುದು ನನಗೆ ಕೇಳಿಸುತ್ತಿತ್ತು. ನಮ್ಮವರು ಆ ಮಾತನ್ನು ನನಗೆ ಒಂದು ಸಲವೂ ಹೇಳಲಿಲ್ಲ. ಹೇಳುತ್ತಿದ್ದದ್ದು ಇಷ್ಟೇ: "ಬಾರೇ, ತಳ್ಳಬೇಕು."

ಇನ್ನೊಂದು ಅನ್ಯಾಯ ಕೇಳಿ. ಕಾರು ಹಿಂದಕ್ಕೆ ಹೋಗುವಾಗ ಒಳಗೆ ಕೂತವರು ಕತ್ತು ತಿರುಗಿಸಿ ಹಿಂದೆ ನೋಡಬೇಕೋ ಬೇಡವೋ? ಈ ಮಹಾನುಭಾವರು ಎದುರಿಗೆ ಬೆವರು ಸುರಿಸುತ್ತಿದ್ದ ನನ್ನನ್ನೇ ನೋಡಿಕೊಂಡು ಕೂತಿರುತ್ತಿದ್ದರು. "ಹಿಂದೆ ನೋಡ್ರೀ" ಎಂದು ನಾನು ಕೂಗಬೇಕು, ಆಮೇಲೆ ಕತ್ತು ತಿರುಗಬೇಕು. ಅಷ್ಟರಲ್ಲಿ ಒಂದು ಸಲ ದೀಪದ ಕಂಬ ಬಂದಿತ್ತು, ಇನ್ನೊಂದು ಸಲ ಹಾಲಿನವನ ಎಮ್ಮೆ. ಕಂಬ ಸುಮ್ಮನಿತ್ತು. ಎಮ್ಮೆಯೂ ಸುಮ್ಮನಿತ್ತು. ಹಾಲಿನವನು ಮಾತ್ರ ಒಂದು ತಿಂಗಳು ನಮಗೆ ನೀರನ್ನೇ ಅಳೆದುಕೊಟ್ಟ.

ಹನುಮಂತನಗರದಲ್ಲಿ ನೆಂಟರ ಮದುವೆ. ಗುಡ್ಡದ ಏರಿನಲ್ಲಿ ಕಾರು ನಿಲ್ಲಿಸಲು ಜಾಗ ಸಾಲದೆ, ರೇಷ್ಮೆ ಸೀರೆಯಲ್ಲಿದ್ದ ನಾನು ಚಪ್ಪರದ ಮುಂದೆಯೇ ಕಾರನ್ನು ಹಿಂದಕ್ಕೆ ತಳ್ಳಬೇಕಾಯಿತು. ವಾಲಗದವರು ಊದುವುದನ್ನು ಬಿಟ್ಟು ನೋಡಿದರು. ಹುಡುಗಿಯ ಸೋದರಮಾವ ತಡೆಯಲಾರದೆ ಕೇಳಿಯೇಬಿಟ್ಟರು.

"ಏನ್ರೀ ಇದು, ಹೆಂಡ್ತೀನ ಎತ್ತು ಮಾಡ್ಬಿಟ್ಟಿದೀರಲ್ಲ?"

"ಛೆ ಛೆ. ಎತ್ತು ಮುಂದಕ್ಕೆ ಎಳೆಯುತ್ತೆ. ಹಿಂದಕ್ಕೆ ತಳ್ಳೋಕೆ ಬರೋದು ಇವಳೊಬ್ಬಳಿಗೇ."

ಇದನ್ನು ಹೊಗಳಿಕೆ ಎಂದು ತಿಳಿದು ಅವರು ನನ್ನ ಕಡೆ ನೋಡಿ ನಕ್ಕರು. ಅವತ್ತು ಊಟದ ಪಂಕ್ತಿಯಲ್ಲಿ ನಾನು ತಲೆ ಎತ್ತಲಿಲ್ಲ. ಹೋಳಿಗೆಯನ್ನೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ಆ ಹೋಳಿಗೆ ಇನ್ನೂ ಬಾಕಿ ಇದೆ.

ಹೋಗುತ್ತಿದ್ದದ್ದಾದರೂ ಎಲ್ಲಿಗೆ? ಒಮ್ಮೊಮ್ಮೆ ಯಡಿಯೂರು ಕೆರೆ ಏರಿಗೆ. ಹೆಚ್ಚಾಗಿ ಕನಕಪುರದ ರಸ್ತೆ ಹಿಡಿದು ತಲಘಟ್ಟಪುರದವರೆಗೆ. ರಾಗಿ ಹೊಲಗಳ ನಡುವೆ, ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸುತ್ತಿದ್ದರು. ತಿರುಗಿಸಿ ಹೊರಡೋಣವೆಂದರೆ ಕೇಳುತ್ತಿರಲಿಲ್ಲ.

"ಬಿಸಿ ಇದ್ದಾಗ ತಳ್ಳಬಾರದು. ಎಂಜಿನ್ ಆರಲಿ."

ಎಂಜಿನ್ ಆರಲು ಅರ್ಧ ಗಂಟೆ, ಬೇಸಿಗೆಯಲ್ಲಿ ಒಂದು ಗಂಟೆ. ಅಷ್ಟು ಹೊತ್ತೂ ಕಡಲೆಕಾಯಿ ಬಿಡಿಸಿ ನನ್ನ ಕೈಗೆ ಹಾಕುತ್ತಾ ಅದೂ ಇದೂ ಮಾತಾಡುತ್ತಿದ್ದರು. ಮನೆಯಲ್ಲಿ ಅತ್ತೆಯ ಎದುರಿಗೆ ನಮ್ಮಿಬ್ಬರ ಮಾತು "ನೀರು", "ತಟ್ಟೆ", "ಹ್ಞೂಂ" ಎಂಬಲ್ಲಿಗೆ ಮುಗಿಯುತ್ತಿತ್ತು. ಅವರಿಗೆ ಚಿಕ್ಕಂದಿನಲ್ಲಿ ಹಕ್ಕಿಗಳ ಹುಚ್ಚಿತ್ತು ಎನ್ನುವುದು ನನಗೆ ತಿಳಿದದ್ದು ಎಂಜಿನ್ ಆರುವಾಗ. ನಾನು ಶಾಲೆ ಬಿಟ್ಟ ದಿನ ಅತ್ತಿದ್ದೆ ಎನ್ನುವುದು ಅವರಿಗೆ ತಿಳಿದದ್ದೂ ಹಾಗೆಯೇ. ನಾನು ಮಾತ್ರ ಆ ಎಂಜಿನ್ನನ್ನು ಬೈದುಕೊಳ್ಳುತ್ತಿದ್ದೆ. ಮನೆಯಲ್ಲಿ ರಾಶಿ ಕೆಲಸವಿರುವಾಗ ಒಂದು ಕಬ್ಬಿಣದ ತುಂಡಿನ ಮುಂದೆ ಎಷ್ಟು ಹೊತ್ತು ಕಾಯುವುದು?

ಅತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು. ಆಮೇಲೂ ನನ್ನ ಉದ್ಯೋಗ ತಪ್ಪಲಿಲ್ಲ. ಅದನ್ನು ತಪ್ಪಿಸಲು ಅವರೇ ಹೋಗಬೇಕಾಯಿತು.

ಅವರು ಹೋದ ಮೇಲೆ ಕಾರು ಆರು ತಿಂಗಳು ನಿಂತಲ್ಲೇ ನಿಂತಿತ್ತು. ಮಳೆಗೆ ತುಕ್ಕು ಹಿಡಿಯುತ್ತದೆ, ನಿನ್ನ ಕಣ್ಣಿಗೂ ಬಿದ್ದು ಸಂಕಟ ಎಂದು ನನ್ನ ತಮ್ಮ, ಕಾರನ್ನು ಒಯ್ಯುವಂತೆ ದಸ್ತಗೀರ್ ಸಾಬರಿಗೆ ಹೇಳಿ ಕಳಿಸಿದ. ಸಾಬರು ಕಳೆದ ಭಾನುವಾರ ಬಂದರು. ಗಡ್ಡವೆಲ್ಲ ಬೆಳ್ಳಗಾಗಿತ್ತು. ತುಂಬ ಹೊತ್ತು ಹೆಣಗಾಡಿದ ಮೇಲೆ ಎಂಜಿನ್ ಸದ್ದು ಮಾಡಿತು. ನಾನು ಒಳಗಿದ್ದವಳು ಎದ್ದು ಬಂದು, ಸೆರಗು ಸಿಕ್ಕಿಸಿ, ಕಾರಿನ ಮೂತಿಗೆ ಕೈ ಕೊಟ್ಟು ನಿಂತೆ.

"ಸ್ಟೀರಿಂಗ್ ಹಿಡ್ಕೊಳ್ಳಿ ಸಾಬ್ರೇ, ತಳ್ತೀನಿ."

ಸಾಬರು ಎಂಜಿನ್ ಹಾಗೇ ಬಿಟ್ಟು ಕೆಳಗಿಳಿದರು. ಕಾಫಿ ಲೋಟ ಹಿಡಿದಿದ್ದ ಆ ದಿನದ ಹಾಗೆಯೇ ನೆಲ ನೋಡಿದರು.

"ಬೇಡಮ್ಮಾ. ರಿವರ್ಸ್ ಐತೆ."

"ಯಾವಾಗ ಹಾಕಿದ್ರಿ?"

"ಅವತ್ತೇ. ಹೊಸ ಬಾಕ್ಸಲ್ಲಿ ಎಲ್ಲಾ ಫಸ್ಟ್ ಕ್ಲಾಸಾಗಿತ್ತು. ಸಾರ್ ಹೇಳಬೇಡ ಅಂದ್ರು. ರಿವರ್ಸ್ ಇದೆ ಅಂದ್ರೆ ಅಮ್ಮ ಅವಳನ್ನ ಕಳಿಸಲ್ಲ ಸಾಬ್ರೇ, ಅಂದ್ರು."

ಹನ್ನೊಂದು ವರ್ಷ! ಎಮ್ಮೆ, ಕಂಬ, ರೇಷ್ಮೆ ಸೀರೆ, ಹೋಳಿಗೆ, ಎಲ್ಲ ಒಟ್ಟಿಗೆ ನೆತ್ತಿಗೇರಿತು.

"ಸರಿ. ಅಮ್ಮ ಹೋಗಿ ನಾಲ್ಕು ವರ್ಷ ಆಯ್ತಲ್ಲ. ಆಮೇಲೆ ಯಾರ ಭಯ ಇತ್ತು ಇವರಿಗೆ?"

"ನಾನೂ ಕೇಳ್ದೆ ಅಮ್ಮಾ. ನಿಮ್ಮ ಭಯ. ತಳ್ಳೋ ಕೆಲಸ ಅಂದ್ರೆ ಬರ್ತಾಳೆ, ಸುಮ್ನೆ ಸುತ್ತಾಡೋಕೆ ಬಾ ಅಂದ್ರೆ ಒಲೆ ಮೇಲೆ ಹಾಲಿದೆ ಅಂತಾಳೆ, ಅಂದ್ರು."

ಹಾಲು ಇರುತ್ತಿತ್ತು, ನಿಜ.

ಸಾಬರು ಮತ್ತೆ ಹತ್ತಿ ಕೂತರು. ಗೇರ್ ಬಿದ್ದ ಸದ್ದು ಮೆತ್ತಗೆ ಕೇಳಿಸಿತು. ನಾನು ಕೈ ತೆಗೆದಿರಲಿಲ್ಲ. ಕಾರು ತಾನಾಗಿಯೇ ನನ್ನ ಅಂಗೈಗಳಿಂದ ಜಾರಿಕೊಂಡು ಹಿಂದಕ್ಕೆ ಹೋಯಿತು. ಎರಡೂ ಕೈಗಳನ್ನು ಗಾಳಿಗೆ ಕೊಟ್ಟುಕೊಂಡು ನಾನು ಅಂಗಳದಲ್ಲಿ ನಿಂತಿದ್ದೆ. ಸಾಬರು ಒಳ್ಳೆಯ ಡ್ರೈವರ್. ಕತ್ತು ತಿರುಗಿಸಿ, ಗೇಟು ದಾಟುವವರೆಗೂ ಹಿಂದೆಯೇ ನೋಡುತ್ತಿದ್ದರು.